ತಲೆಗೆ ಪೆಟ್ಟಾದ ಗೆಳೆಯ ಮುಂದಿನ ವಾರ ಊರಿಗೆ ಬರುತ್ತಿದ್ದಾನೆ. ದುಡ್ಡು ಕೂಡಿಸಿದ್ದೇವೆ, ಮುಂದೇನು? (ಕಾರಟಗಿ ಕಡೆ)

ಎಡದಂಡೆ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾರಟಗಿ ತಾಲ್ಲೂಕು, ಎಡದಂಡೆ ಕಾಲುವೆ ಪಕ್ಕ. ಭತ್ತದ ಕೊಯ್ಲು ನಡೆದಿತ್ತು. ನನ್ನ ಗೆಳೆಯ ರಾತ್ರಿ ಗದ್ದೆಯಿಂದ ಬೈಕಿನಲ್ಲಿ ಬರುವಾಗ ರಸ್ತೆಯಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಗುದ್ದಿದ. ಟ್ರಾಲಿಗೆ ರಿಫ್ಲೆಕ್ಟರ್ ಇಲ್ಲ, ಲೈಟ್ ಇಲ್ಲ. ಇವನಿಗೆ ಹೆಲ್ಮೆಟ್ ಇಲ್ಲ. ವಯಸ್ಸು ಇನ್ನೂ 34. ಎರಡು ಸಣ್ಣ ಮಕ್ಕಳು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು. ಮೆದುಳು ಬಾತಿದೆ ಅಂತ ತಲೆಬುರುಡೆಯ ಒಂದು ತುಂಡು ತೆಗೆದಿದ್ದಾರೆ. ಈಗ ಐಸಿಯುನಿಂದ ವಾರ್ಡಿಗೆ ಬಂದಿದ್ದಾನೆ. ಕಣ್ಣು ಬಿಡುತ್ತಾನೆ, ಕೈ ಕೊಟ್ಟರೆ ಹಿಡಿಯುತ್ತಾನೆ, ಮಾತಿಲ್ಲ. ಮೂಗಿನಲ್ಲಿ ಪೈಪ್ ಇದೆ. ಮುಂದಿನ ವಾರ ಮನೆಗೆ ಕಳಿಸುತ್ತೇವೆ ಅಂದಿದ್ದಾರೆ.

ಊರು ಮಾತ್ರ ಒಂದೇ ಮನೆಯವರ ಹಾಗೆ ನಿಂತಿದೆ. ಗಣಪತಿ ಮಂಡಳಿಯ ಉಳಿಕೆ ಹಣ ಕೊಟ್ಟರು. ರೈಸ್ ಮಿಲ್ ಹಮಾಲರು ಒಂದು ದಿನದ ಕೂಲಿ ಕೊಟ್ಟರು. ಶುಕ್ರವಾರ ಮಸೀದಿಯಲ್ಲಿ ಎತ್ತಿದ ಹಣವೂ ಬಂತು. ಅವನ ಭತ್ತವನ್ನು ನಾವೇ ಕೊಯ್ಯಿಸಿ ಮಾರಿದೆವು, ಮಷಿನ್‌ನವ ಡೀಸೆಲ್ ದುಡ್ಡು ಬಿಟ್ಟು ಒಂದು ಪೈಸೆ ಮುಟ್ಟಲಿಲ್ಲ.

ಈಗ ತಲೆನೋವು ಏನಪ್ಪಾ ಅಂದರೆ, ಅಷ್ಟೂ ದುಡ್ಡು ನನ್ನ ಫೋನ್‌ಪೇ ಖಾತೆಯಲ್ಲಿದೆ. ಅವನ ಅಣ್ಣ "ನನ್ನ ಕೈಗೆ ಕೊಡ್ರಿ" ಅನ್ನುತ್ತಾನೆ. ಹೆಂಡತಿ ಏನೂ ಮಾತಾಡುವುದಿಲ್ಲ. ಯಾರಿಗೆ ಕೊಡಬೇಕು?

ಇನ್ನೊಂದು, ಟ್ರ್ಯಾಕ್ಟರ್ ಮಾಲೀಕರು ನಮ್ಮೂರಿನವರೇ. ಹಿರಿಯರು ಕಟ್ಟೆ ಮೇಲೆ ಕೂತು, 60 ಸಾವಿರ ಕೊಡಿಸುತ್ತೇವೆ, ಕೇಸ್ ಬೇಡ ಅಂತಿದ್ದಾರೆ. ಒಪ್ಪಬಹುದಾ? ಮತ್ತೆ ಮನೆಗೆ ಬಂದ ಮೇಲೆ ಏನೇನು ಬೇಕಾಗುತ್ತದೆ, ಗೊತ್ತಿದ್ದವರು ಹೇಳಿ.

ಗಂಗಾವತಿ_ಗಿರಾಕಿ
ಮೊದಲು ಊರಿಗೆ ಒಂದು ಶರಣು. ದುಡ್ಡು ಅಣ್ಣನ ಕೈಗೂ ಬೇಡ, ನಿಮ್ಮ ಕೈಯಲ್ಲೂ ಬೇಡ. ಹೆಂಡತಿ ಖಾತೆಗೆ ಹಾಕಿ.

ಮೇಷ್ಟ್ರು_ಯಲಬುರ್ಗಾ
ಹೆಂಡತಿ ಖಾತೆ ಸರಿ. ಆದರೆ ಲೆಕ್ಕ ಮಾತ್ರ ಬಹಿರಂಗ ಇರಲಿ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಖರ್ಚಾಯಿತು ಎಂದು ಒಂದು ನೋಟ್‌ಬುಕ್ ಇಡಿ, ತಿಂಗಳಿಗೊಮ್ಮೆ ಅದರ ಫೋಟೋ ಗ್ರೂಪಿಗೆ ಹಾಕಿ. ನಮ್ಮ ಕಡೆ ಇಂಥದ್ದೇ ಒಂದು ಕೇಸಿನಲ್ಲಿ ಕೊಟ್ಟವರೇ ಆರು ತಿಂಗಳಿಗೆ "ಎಲ್ಲಿ ಹೋಯಿತೋ ಏನೋ" ಅಂತ ಹೋಟೆಲಿನಲ್ಲಿ ಕೂತು ಮಾತಾಡಿದರು. ದುಡ್ಡು ಎತ್ತಿದ ಹುಡುಗ ಊರು ಬಿಟ್ಟು ಬೆಂಗಳೂರಿಗೆ ಹೋದ. ಅವನು ಒಂದು ರೂಪಾಯಿ ತಿಂದಿರಲಿಲ್ಲ.

ಮಿರ್ಚಿ_ಮಂಡಾಳು
ಅಣ್ಣ ಕೇಳುತ್ತಾನೆ ಅಂದರೆ ಕಳ್ಳ ಅಂತ ಅಲ್ಲ ಮತ್ತೆ. ಆಸ್ಪತ್ರೆಯಲ್ಲಿ ಓಡಾಡುತ್ತಿರುವುದು ಯಾರು?

ಎಡದಂಡೆ_ಹುಡುಗ
ಅಣ್ಣನೇ. ಮೊದಲ ದಿನದಿಂದ ಅಲ್ಲೇ ಇದ್ದಾನೆ. ಅದಕ್ಕೇ ನನಗೂ ಇಲ್ಲ ಅನ್ನೋಕೆ ಬಾಯಿ ಬರುತ್ತಿಲ್ಲ.

ಮಿರ್ಚಿ_ಮಂಡಾಳು
ಹಾಗಾದರೆ ಅವನ ಕೈಯಿಂದ ಇದುವರೆಗೆ ಖರ್ಚಾಗಿದ್ದನ್ನು ಚೀಟಿ ನೋಡಿ ಮೊದಲು ವಾಪಸ್ ಕೊಡಿ. ಉಳಿದಿದ್ದು ಹೆಂಡತಿ ಖಾತೆಗೆ. ಇಬ್ಬರ ಮುಖವೂ ಉಳಿಯುತ್ತದೆ.

ತಂಗಿ_ಕುಷ್ಟಗಿ
ನಮ್ಮ ಯಜಮಾನರಿಗೆ ಹೀಗೇ ಆಗಿತ್ತು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲ ತಿಂಗಳು ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಂದವರಿಗೆ ಚಹಾ ಮಾಡಿ ಮಾಡಿ ಸಾಕಾಗಿತ್ತು. ಬಂದವರೆಲ್ಲ ಸೇಬು, ಬ್ರೆಡ್, ಎಳನೀರು ತರುತ್ತಿದ್ದರು. ಅವರಿಗೆ ನುಂಗೋಕೇ ಬರುತ್ತಿರಲಿಲ್ಲ! ಸೇಬು ಕೊಳೆತು ಎಮ್ಮೆಗೆ ಹಾಕಿದ್ದೇವೆ. ಎರಡನೇ ತಿಂಗಳಿಗೆ ಜನ ಕಡಿಮೆ. ನಾಲ್ಕನೇ ತಿಂಗಳಿಗೆ ಯಾರೂ ಇಲ್ಲ. ಆಗಲೇ ಕೆಲಸ ಶುರುವಾಗಿದ್ದು. ರಾತ್ರಿಯೆಲ್ಲ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಎಪ್ಪತ್ತು ಕೆಜಿ ಮನುಷ್ಯನನ್ನು ಒಬ್ಬ ಹೆಂಗಸು ಹೇಗೆ ಹೊರಳಿಸಬೇಕು ಹೇಳಿ.

ನಮಗೆ ನಿಜವಾಗಿ ಆಧಾರವಾಗಿದ್ದು ಪಕ್ಕದ ಮನೆಯ ಇಬ್ಬರು ಹುಡುಗರು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಬಂದು ಎತ್ತಿ ಕೂರಿಸುತ್ತಿದ್ದರು, ಸಂಜೆ ಬಂದು ಮಲಗಿಸುತ್ತಿದ್ದರು. ಅವರು ಒಂದು ರೂಪಾಯಿ ಕೊಟ್ಟವರಲ್ಲ.

ಆ ಹೆಂಡತಿ ಮಾತಾಡುವುದಿಲ್ಲ ಅಂದರಲ್ಲ, ನಾನೂ ಮಾತಾಡುತ್ತಿರಲಿಲ್ಲ. ಗಂಡಸರೆಲ್ಲ ಕೂತಿರುವಾಗ ದುಡ್ಡಿನ ಮಾತು ಎತ್ತುವುದು ಹೇಗೆ? ನಿಮ್ಮ ತಾಯಿಯನ್ನೋ ಹೆಂಡತಿಯನ್ನೋ ಕಳಿಸಿ. ಅಡುಗೆ ಮನೆಯಲ್ಲಿ ಕೂತು ಕೇಳಿದರೆ ಎಲ್ಲಾ ಹೇಳುತ್ತಾಳೆ.

ಗಂಗಾವತಿ_ಗಿರಾಕಿ
ಅಕ್ಕಾ, ಈ ಮಾತನ್ನು ಎಲ್ಲದಕ್ಕಿಂತ ಮೇಲೆ ಹಾಕಬೇಕು.

ಕಪ್ಪುಕೋಟು_ಕೊಪ್ಪಳ
ರಾಜಿ ವಿಷಯಕ್ಕೆ ಬರುತ್ತೇನೆ. ನಾನು ವಕೀಲ. 60 ಸಾವಿರಕ್ಕೆ ದಯವಿಟ್ಟು ಸಹಿ ಹಾಕಿಸಬೇಡಿ.

ಲೆಕ್ಕ ನೋಡಿ. ಸುಪ್ರೀಂ ಕೋರ್ಟ್ 2009ರ ತೀರ್ಪಿನಂತೆ 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 16. ತಿಂಗಳ ದುಡಿಮೆ 12,000 ಅಂತ ಹಿಡಿದರೂ 12,000 × 12 × 16, ಅಂದರೆ 23,04,000. ಪೂರ್ತಿ ದುಡಿಯಲಾಗದ ಸ್ಥಿತಿ ಎಂದಾದರೆ ಇದು ದುಡಿಮೆ ಹೋದದ್ದಕ್ಕೆ ಮಾತ್ರ. ಚಿಕಿತ್ಸೆ, ಮುಂದಿನ ಆಪರೇಷನ್, ನೋಡಿಕೊಳ್ಳುವವರ ಖರ್ಚು ಬೇರೆ. ತಲೆಗೆ ಪೆಟ್ಟಾದ ಒಬ್ಬ ಹುಡುಗಿಯ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ನೋಡಿಕೊಳ್ಳಲು ಇಬ್ಬರು ಬೇಕು, ಒಬ್ಬರಿಗೆ ತಿಂಗಳಿಗೆ 5,000 ಎಂದು ಹಿಡಿದು, ಅದೊಂದಕ್ಕೇ 21,60,000 ಕೊಟ್ಟಿತು.

ಟ್ರ್ಯಾಕ್ಟರಿಗೆ ಥರ್ಡ್ ಪಾರ್ಟಿ ವಿಮೆ ಇದ್ದರೆ ಈ ದುಡ್ಡು ಕೊಡುವುದು ಕಂಪನಿ, ನಿಮ್ಮೂರಿನ ಮಾಲೀಕ ಅಲ್ಲ. ಅದನ್ನು ಹಿರಿಯರಿಗೆ ಬಿಡಿಸಿ ಹೇಳಿ. ಮತ್ತೆ 2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಅಪಘಾತವಾದ ಆರು ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ಕೂತು ನೋಡೋಣ ಅನ್ನುವಷ್ಟು ಸಮಯ ಇಲ್ಲ.

ಸಿಂಧನೂರು_ಸೋನಾ
ವಕೀಲರೇ, ಕಾಗದದ ಮೇಲೆ ಎಲ್ಲಾ ಚಂದ. ಕೇಸ್ ಆದರೆ ಪೊಲೀಸರು ಟ್ರ್ಯಾಕ್ಟರ್ ತಂದು ಠಾಣೆ ಮುಂದೆ ನಿಲ್ಲಿಸುತ್ತಾರೆ. ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರ್ ನಿಂತರೆ ಆ ರೈತನೂ ಮುಳುಗಿದ. ಡ್ರೈವರಿಗೆ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ದುಡ್ಡು ಕಟ್ಟಿ ಮಾಲೀಕನಿಂದ ವಸೂಲಿ ಮಾಡುತ್ತದೆ. ನಾಳೆ ಒಂದೇ ಊರಲ್ಲಿ ಮುಖ ನೋಡಬೇಕಲ್ಲ?

ಕಪ್ಪುಕೋಟು_ಕೊಪ್ಪಳ
ನೀವು ಹೇಳಿದ್ದು ನಿಜ, ಲೈಸೆನ್ಸ್ ಇಲ್ಲದಿದ್ದರೆ ಆ ಅಪಾಯ ಇದೆ. ಟ್ರಾಲಿಗೆ ಬೇರೆ ವಿಮೆ ಇಲ್ಲದಿದ್ದರೂ ಕಂಪನಿ ತಕರಾರು ತೆಗೆಯುತ್ತದೆ. ವಾಹನ ಮಾತ್ರ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು, ವರ್ಷಗಟ್ಟಲೆ ನಿಲ್ಲುವುದಿಲ್ಲ. ಆದರೆ ಮುಖ ನೋಡಬೇಕು ಅನ್ನುವ ಮಾತಿಗೆ ನನ್ನದೊಂದು ಪ್ರಶ್ನೆ. ಆ ಎರಡು ಮಕ್ಕಳ ಮುಖ ಯಾರು ನೋಡಬೇಕು?

ಸಿಂಧನೂರು_ಸೋನಾ
ಮಕ್ಕಳ ಬಗ್ಗೆ ನನಗೂ ಕಾಳಜಿ ಇದೆ ಸರ್. ರೈತನನ್ನು ಸುಮ್ನೆ ಖಳನಾಯಕ ಮಾಡಬೇಡಿ ಅಂದೆ ಅಷ್ಟೇ.

ಬಳ್ಳಾರಿ_ಬಿಸಿಲು
ವಿಮೆ ಇಲ್ಲ ಅಂದರೆ ವಿಮೆ ಇರುವ ಬೇರೆ ಟ್ರ್ಯಾಕ್ಟರ್ ನಂಬರ್ ಬರೆಸಿದರಾಯಿತು. ಎಲ್ಲರೂ ಮಾಡುವುದೇ ಅದು.

ಕಪ್ಪುಕೋಟು_ಕೊಪ್ಪಳ
ಈ ಸಲಹೆಯನ್ನು ಯಾರೂ ಕೇಳಬೇಡಿ. ಅದು ಸುಳ್ಳು ಕ್ಲೇಮು, ಕ್ರಿಮಿನಲ್ ಕೇಸ್ ಆಗುತ್ತದೆ. ಸಿಕ್ಕಿಬಿದ್ದರೆ ಬರಬೇಕಾದ ದುಡ್ಡೂ ಇಲ್ಲ, ಸಾಕ್ಷಿ ಹೇಳಿದವರು ಜೈಲಿಗೆ.

ಬಳ್ಳಾರಿ_ಬಿಸಿಲು
ಸರಿ ಸರಿ, ಬಯ್ಯಬೇಡಿ.

ಎಡದಂಡೆ_ಹುಡುಗ
ಒಂದು ವಿಷಯ ಈಗ ಗೊತ್ತಾಯ್ತು. ಆ ರಾತ್ರಿ ಆಸ್ಪತ್ರೆಯಲ್ಲಿ ಕೇಳಿದಾಗ ಅವನ ಮಾವ "ಸ್ಕಿಡ್ ಆಗಿ ಬಿದ್ದಾನ್ರೀ" ಅಂತ ಬರೆಸಿದ್ದಾರೆ. ಟ್ರ್ಯಾಕ್ಟರ್ ವಿಷಯ ಎತ್ತಿದರೆ ಪೊಲೀಸರು ಬರುವವರೆಗೆ ಚಿಕಿತ್ಸೆ ಶುರು ಮಾಡುವುದಿಲ್ಲ ಅಂತ ಯಾರೋ ಹೆದರಿಸಿದರಂತೆ.

ನರ್ಸಕ್ಕ_ರಾಯಚೂರು
ಅಯ್ಯೋ, ಈ ಭಯ ನಮ್ಮ ಕಡೆ ಇನ್ನೂ ಹೋಗಿಲ್ಲ! ಅಪಘಾತದ ಕೇಸ್ ಬಂದರೆ ಮೊದಲು ಚಿಕಿತ್ಸೆ, ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಕರೆದುಕೊಂಡು ಬಂದವರನ್ನೂ ಹಿಡಿದು ಕೂರಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯಲ್ಲೇ 134ಎ ಅಂತ ಸೇರಿಸಿದ್ದಾರೆ. ಇನ್ನೊಂದು ಎಲ್ಲರಿಗೂ ಗೊತ್ತಿರಲಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದವರಿಗೆ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗೆ. ಇವರಿಗೆ ಆ ದಿನಗಳು ಮುಗಿದವು, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಕಪ್ಪುಕೋಟು_ಕೊಪ್ಪಳ
"ಸ್ಕಿಡ್" ಅನ್ನುವ ಆ ಒಂದು ಶಬ್ದ ಹಿಡಿದು ಕಂಪನಿ ವಕೀಲರು ಎರಡು ವರ್ಷ ಜಗ್ಗುತ್ತಾರೆ. ಆದರೂ ಬಾಗಿಲು ಮುಚ್ಚಿಲ್ಲ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕಬಾರದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವತ್ತೇ ಠಾಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಬರೆದುಕೊಡಿ. ಯಾಕೆ ತಡವಾಯಿತು, ಮಾವ ಯಾಕೆ ಹಾಗೆ ಹೇಳಿದರು, ಅದನ್ನೂ ಬರೆಯಿರಿ. ಬೈಕ್ ರಿಪೇರಿಗೆ ಬಿಡಬೇಡಿ. ಟ್ರಾಲಿಯ ಹಿಂದಿನ ಗುರುತು, ಜಾಗದ ಫೋಟೋ ಇದ್ದರೆ ಇಟ್ಟುಕೊಳ್ಳಿ. ಡಾಕ್ಟರ ಹತ್ತಿರ ದಾಖಲೆ ತಿದ್ದಿಕೊಡಿ ಅಂತ ಮಾತ್ರ ಕೇಳಬೇಡಿ.

ಹೆಲ್ಮೆಟ್ ಇರಲಿಲ್ಲ ಅಂತ ಹೆದರಬೇಡಿ. ಪರಿಹಾರದಲ್ಲಿ ಸ್ವಲ್ಪ ಕಡಿತ ಆಗಬಹುದು, ಹಕ್ಕು ಹೋಗುವುದಿಲ್ಲ.

ಮಿರ್ಚಿ_ಮಂಡಾಳು
ಹೆಲ್ಮೆಟ್ ಅಂದಿರಿ ಅಂತ ಕೇಳುತ್ತೇನೆ, ಗದ್ದೆಗೆ ಹೋಗುವಾಗ ಯಾರು ಹಾಕುತ್ತಾರೆ ಸರ್? 42 ಡಿಗ್ರಿ ಬಿಸಿಲಲ್ಲಿ ತಲೆ ಬೇಯುತ್ತದೆ.

ಬಳ್ಳಾರಿ_ಬಿಸಿಲು
ಕೊಯ್ಲು ನವೆಂಬರಿನಲ್ಲಿ, ರಾತ್ರಿ. ಎಲ್ಲಿಯ 42 ಡಿಗ್ರಿ ಮಾರಾಯ.

ಫಿಸಿಯೋ_ಹೊಸಪೇಟೆ
ಹಾಕಿದರೂ ಪೊಲೀಸರಿಗೆ ತೋರಿಸಲು ಅಂತ ಅರ್ಧ ಟೋಪಿ ಹಾಕುತ್ತಾರೆ, ಪಟ್ಟಿ ಬಿಗಿಯುವುದಿಲ್ಲ. ಗುದ್ದಿದಾಗ ಮೊದಲು ಹಾರಿ ಹೋಗುವುದೇ ಅದು.

ಮೇಷ್ಟ್ರು_ಯಲಬುರ್ಗಾ
ಹೆಲ್ಮೆಟ್ ಇರಲಿ, ಕಾರಟಗಿಯಿಂದ ಸಿಂಧನೂರಿನವರೆಗೆ ರಸ್ತೆ ಮೇಲೆ ಭತ್ತ ಒಣಗಿಸುತ್ತಾರಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಅರ್ಧ ರಸ್ತೆ ಭತ್ತ, ಸುತ್ತ ಕಲ್ಲು. ಭತ್ತ ಎತ್ತಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ. ಕತ್ತಲಲ್ಲಿ ಬೈಕಿನವರ ಗತಿ ಏನು?

ಸಿಂಧನೂರು_ಸೋನಾ
ಮೇಷ್ಟ್ರೇ, ಒಣಗಿಸಲು ಕಣ ಎಲ್ಲಿದೆ ತೋರಿಸಿ. ಮಷಿನ್ ಕೊಯ್ದ ಭತ್ತ ಹಸಿ ಇರುತ್ತದೆ. ಹಸಿ ಅಂತ ವ್ಯಾಪಾರಿ ಚೀಲಕ್ಕೆ ಇಷ್ಟು ಅಂತ ಮುರಿಯುತ್ತಾನೆ. ರಸ್ತೆಗೆ ಹಾಕುವುದು ಖುಷಿಗಲ್ಲ.

ಮೇಷ್ಟ್ರು_ಯಲಬುರ್ಗಾ
ಕಣ ಇಲ್ಲ, ಒಪ್ಪಿದೆ. ಕಲ್ಲು ಎತ್ತಲು ಏನು ಕಷ್ಟ?

ಸಿಂಧನೂರು_ಸೋನಾ
ಕಲ್ಲಿನ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ.

ಗಂಗಾವತಿ_ಗಿರಾಕಿ
ಅಪ್ಪಗಳಿರಾ, ಹುಡುಗ ಕೇಳಿದ್ದು ಬೇರೆ. ನರ್ಸಕ್ಕ, ಮನೆಗೆ ಬಂದ ಮೇಲೆ ಏನು ಮಾಡಬೇಕು ಹೇಳಿ.

ನರ್ಸಕ್ಕ_ರಾಯಚೂರು
ಡಿಸ್ಚಾರ್ಜ್ ಆಗುವ ಮುಂಚೆ ಇಬ್ಬರಾದರೂ ವಾರ್ಡಿನಲ್ಲಿ ನಿಂತು ಕಲಿಯಬೇಕು, ಒಬ್ಬರಲ್ಲ. ಪೈಪಿನಲ್ಲಿ ಊಟ ಹಾಕುವುದು, ಮಗ್ಗುಲು ಬದಲಿಸುವುದು, ಕ್ಯಾತಿಟರ್ (ಮೂತ್ರದ ಪೈಪ್) ಇದ್ದರೆ ಅದರ ಚೀಲ ಖಾಲಿ ಮಾಡುವುದು. ಸಿಸ್ಟರ್‌ಗೆ ಕೇಳಿದರೆ ಹೇಳಿಕೊಡುತ್ತಾರೆ. ನಾಚಿಕೆಪಟ್ಟು ಸುಮ್ಮನಿದ್ದರೆ ಯಾರೂ ಹೇಳುವುದಿಲ್ಲ, ಅವರಿಗೂ ಮೂವತ್ತು ರೋಗಿಗಳು.

ಪೈಪಿನಲ್ಲಿ ಹಾಕುವಾಗ ತಲೆ ಕಡೆ ಎತ್ತರ ಮಾಡಿ, ಹಾಕಿದ ಮೇಲೂ ಅರ್ಧ ಮುಕ್ಕಾಲು ತಾಸು ಹಾಗೇ ಇರಲಿ. ರಾಗಿ ಗಂಜಿ, ಬೇಳೆ ಕಟ್ಟು ಎಲ್ಲಾ ಸೋಸಿ ಹಾಕಿ. ಬಾಯಿಗೆ ಮಾತ್ರ ಡಾಕ್ಟರ್ ಹೇಳುವವರೆಗೆ ಒಂದು ಹನಿಯೂ ಬೇಡ. ನೋಡಲು ಬಂದವರು ಪ್ರೀತಿಯಿಂದ ಚಮಚದಲ್ಲಿ ನೀರು ಬಿಡುತ್ತಾರೆ. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಹುಲಿಗೆಮ್ಮನ ತೀರ್ಥ ತಂದರೆ ಹಣೆಗೆ ಹಚ್ಚಿ.

ಮೂಳೆ ತೆಗೆದ ಕಡೆ ಭಾರ ಹಾಕಿ ಮಲಗಿಸಬೇಡಿ. ಅಲ್ಲಿ ಚರ್ಮದ ಕೆಳಗೆ ನೇರ ಮೆದುಳಿನ ಪೊರೆ. ಎದ್ದು ಓಡಾಡಲು ಶುರು ಮಾಡಿದ ಮೇಲೆ ಮನೆಯೊಳಗೂ ತಲೆಗೆ ರಕ್ಷಣೆ ಬೇಕು. ತೆಗೆದ ಮೂಳೆ ಎಲ್ಲಿಟ್ಟಿದ್ದಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೆಲವು ಕಡೆ ಫ್ರೀಜರ್‌ನಲ್ಲಿ ಇಡುತ್ತಾರೆ, ಕೆಲವು ಕಡೆ ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಡುತ್ತಾರೆ. ಕೆಲವು ತಿಂಗಳ ಮೇಲೆ ವಾಪಸ್ ಕೂರಿಸುತ್ತಾರೆ.

ಫಿಟ್ಸ್ ಮಾತ್ರೆ ಬರೆದಿದ್ದರೆ ಒಂದು ದಿನವೂ ತಪ್ಪಬಾರದು. "ಈಗ ಚೆನ್ನಾಗಿದ್ದಾನಲ್ಲ" ಅಂತ ನೀವೇ ನಿಲ್ಲಿಸಬೇಡಿ.

ಮಿರ್ಚಿ_ಮಂಡಾಳು
ತಲೆಬುರುಡೆ ಹೊಟ್ಟೆಯಲ್ಲಾ?! ನಿಜವಾ ಅಕ್ಕಾ?

ನರ್ಸಕ್ಕ_ರಾಯಚೂರು
ನಿಜ ತಮ್ಮಾ. ತುಂಬಾ ಹಳೆಯ ಪದ್ಧತಿ.

ಎಡದಂಡೆ_ಹುಡುಗ
ಅಕ್ಕಾ, ಅವನ ಹೊಟ್ಟೆಯ ಮೇಲೆ ಹೊಲಿಗೆ ಇದೆ. ಹೊಟ್ಟೆಯ ಆಪರೇಷನ್ನೂ ಮಾಡಿದ್ದಾರೆ, ಏನೋ ಮುಚ್ಚಿಟ್ಟಿದ್ದಾರೆ ಅಂತ ಊರಲ್ಲಿ ಗುಸುಗುಸು ನಡೆದಿತ್ತು. ಕಿಡ್ನಿ ತೆಗೆದಿದ್ದಾರೆ ಅಂತಲೂ ಒಬ್ಬ ಅಂದ!

ಗಂಗಾವತಿ_ಗಿರಾಕಿ
ಕಿಡ್ನಿ 😂 ಡಾಕ್ಟರನ್ನೇ ಒಂದು ಮಾತು ಕೇಳಿ, ಗುಸುಗುಸು ಮುಗಿಯುತ್ತದೆ.

ಫಿಸಿಯೋ_ಹೊಸಪೇಟೆ
ನಾನು ಎರಡು ಮಾತು. ಕೈಕಾಲು ಆಡಿಸುವುದನ್ನು ಮನೆಗೆ ಬಂದ ದಿನದಿಂದಲೇ ಶುರು ಮಾಡಿ, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ಹೆಚ್ಚಿನ ಚೇತರಿಕೆ ಕಾಣುವುದು ಮೊದಲ ಆರು ತಿಂಗಳಲ್ಲಿ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಹಾಗಾಗಿ ಈಗ ಕೂಡಿಸಿದ ದುಡ್ಡನ್ನು ಒಂದೇ ತಿಂಗಳಲ್ಲಿ ಖರ್ಚು ಮಾಡಬೇಡಿ, ಫಿಸಿಯೋಗೆ ಅಂತ ಒಂದು ಪಾಲು ತೆಗೆದಿಡಿ.

ಎರಡನೆಯದು ಜನ ಹೇಳದೇ ಇರುವ ವಿಷಯ. ಹುಡುಗ ಮಾತು ಕಲಿತ ಮೇಲೆ ಬೇರೆ ಮನುಷ್ಯ ಆಗಿರಬಹುದು. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸಿಟ್ಟು ಜಾಸ್ತಿ, ಬಾಯಿಗೆ ಬಂದ ಹಾಗೆ ಬೈಗುಳ, ಹೇಳಿದ್ದನ್ನೇ ಹೇಳುವುದು, ಅಥವಾ ಏನೂ ಬೇಡ ಅಂತ ಗೋಡೆ ನೋಡಿ ಕೂರುವುದು. ದಯವಿಟ್ಟು ದೆವ್ವ ಬಡಿದಿದೆ ಅಂತ ಹೊಗೆ ಹಾಕಿಸಬೇಡಿ. ಅದು ಪೆಟ್ಟಿನ ಫಲ, ಅದಕ್ಕೆ ಚಿಕಿತ್ಸೆ ಇದೆ.

ತಂಗಿ_ಕುಷ್ಟಗಿ
ಇದು ನೂರಕ್ಕೆ ನೂರು ನಿಜ. ನಮ್ಮ ಯಜಮಾನರು ಒಂದು ಏರು ಮಾತು ಆಡದವರು. ಆಮೇಲೆ ತಟ್ಟೆ ಎಸೆಯುತ್ತಿದ್ದರು. ನಾನು ಅಳುತ್ತಾ ಕೂತಾಗ ಅತ್ತೆ "ನಿನ್ನ ಸೇವೆ ಸಾಲದು" ಅಂದರು. ಡಾಕ್ಟರು ಅತ್ತೆಯನ್ನೇ ಕೂರಿಸಿ ಬಿಡಿಸಿ ಹೇಳಿದ ಮೇಲೆ ಮನೆ ಸರಿಹೋಯಿತು. ಈಗ ಅವರು ಅಂಗಡಿಯಲ್ಲಿ ಕೂರುತ್ತಾರೆ, ಲೆಕ್ಕ ತಪ್ಪುತ್ತಾರೆ, ಮಗಳು ತಿದ್ದುತ್ತಾಳೆ. ನೋಡಿಕೊಳ್ಳುವವರಿಗೂ ಮನಸ್ಸು ಸೋಲುತ್ತದೆ. 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಳ್ಳಾರಿ_ಬಿಸಿಲು
ಅವನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರೆ ಹೇಗೆ? ನಮ್ಮ ಕಡೆ ಎಲ್ಲರೂ ಅದನ್ನೇ ಹೇಳುತ್ತಾರೆ.

ನರ್ಸಕ್ಕ_ರಾಯಚೂರು
ಆಪರೇಷನ್ ಆಗಿ ಸ್ಥಿರ ಇರುವವನನ್ನು ಸುಮ್ನೆ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕುಲುಕಾಡಿಸಿಕೊಂಡು ಹೋಗುವುದು ಯಾಕೆ? ಆಪರೇಷನ್ ಮಾಡಿದವರು ಬರೆದುಕೊಟ್ಟರೆ ಹೋಗಿ. ಮುಂದೆ ನೆನಪು, ನಡವಳಿಕೆ ತೊಂದರೆ ಉಳಿದರೆ ಆಗ ಹೊರರೋಗಿಯಾಗಿ ತೋರಿಸಬಹುದು.

ಮೇಷ್ಟ್ರು_ಯಲಬುರ್ಗಾ
ಬಿಪಿಎಲ್ ಕಾರ್ಡ್ ಇದೆಯಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೂಳೆ ಕೂರಿಸುವ ಆಪರೇಷನ್ ಅದರಲ್ಲೇ ಆಗುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕೈಯಿಂದ ಕಟ್ಟಿದ್ದಕ್ಕೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ ಹಿಡಿದು ಅರ್ಜಿ ಹಾಕಿ. ಮೂಲ ಬಿಲ್ ಬೇಕು, ಜೋಪಾನ. ಅದೇ ಬಿಲ್ ಕೋರ್ಟಿಗೂ ಬೇಕಾಗುತ್ತದೆ, ಅದಕ್ಕೆ ಕೊಡುವ ಮುಂಚೆ ವಕೀಲರಿಗೆ ತೋರಿಸಿ.

ಸಿಂಧನೂರು_ಸೋನಾ
ಒಂದು ಮಾತು ಯಾರೂ ಹೇಳಲಿಲ್ಲ. ಅವನ ಹೆಸರಲ್ಲಿ ಸೊಸೈಟಿ ಸಾಲ ಇದೆಯಾ ನೋಡಿ. 5 ಲಕ್ಷದವರೆಗೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಭತ್ತ ಮಾರಿದ ದುಡ್ಡಿನಲ್ಲಿ ಮೊದಲು ಅದನ್ನು ತೀರಿಸಿ. ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಅವನ ಗದ್ದೆ ಯಾರು ಮಾಡುತ್ತಾರೆ, ಅದನ್ನೂ ಈಗಲೇ ಮಾತಾಡಿ. ಲೀಸಿಗೆ ಹಾಕುವುದಾದರೆ ಹೆಂಡತಿಯನ್ನು ಕೇಳಿ ಹಾಕಿ.

ಗಂಗಾವತಿ_ಗಿರಾಕಿ
ಈಗ ಸೋನಾ ಅಣ್ಣನೇ ಹೆಂಡತಿ ಪರ 😄

ಎಡದಂಡೆ_ಹುಡುಗ
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಆಗಿದೆ. ನಮ್ಮವ್ವನನ್ನು ಕಳಿಸಿದ್ದೆ. ಅವನ ಹೆಂಡತಿ ಎಲ್ಲಾ ಹೇಳಿದಳಂತೆ. ಸೊಸೈಟಿ ಸಾಲ ಇದೆ, ಮೇಲೆ ಒಬ್ಬರ ಹತ್ತಿರ ಕೈಗಡ ಬೇರೆ ಇದೆ, ಅದು ಅಣ್ಣನಿಗೂ ಗೊತ್ತಿರಲಿಲ್ಲ. ಅಣ್ಣನ ಖರ್ಚು ಚೀಟಿ ನೋಡಿ ಕೊಟ್ಟೆವು, ಉಳಿದದ್ದು ಅವಳ ಖಾತೆಗೆ ಹಾಕಿದೆವು. ಅಣ್ಣ ಬೇಸರ ಮಾಡಲಿಲ್ಲ. "ನನ್ನ ಹೆಗಲ ಮೇಲಿಂದ ಇಳೀತು" ಅಂದ.

ಟ್ರ್ಯಾಕ್ಟರಿಗೆ ವಿಮೆ ಇದೆ, ಟ್ರಾಲಿದು ಗೊತ್ತಿಲ್ಲ. ಹಿರಿಯರಲ್ಲಿ ಇಬ್ಬರು ಒಪ್ಪಿದರು, ಒಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ಮಾಲೀಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾಳೆ ಮಾವನನ್ನು ಕರೆದುಕೊಂಡು ಠಾಣೆಗೆ ಹೋಗುತ್ತೇವೆ.

ಹುಡುಗರು ಪಾಳಿ ಹಾಕಿಕೊಂಡಿದ್ದೇವೆ, ಬೆಳಿಗ್ಗೆ ಇಬ್ಬರು, ರಾತ್ರಿ ಇಬ್ಬರು. ಕಲಿಯಲು ಇಬ್ಬರು ಸಿಂಧನೂರು–ಹುಬ್ಬಳ್ಳಿ ರೈಲಿಗೆ ಹೋಗಿದ್ದಾರೆ. ಗಾಳಿ ಹಾಸಿಗೆ ಎಲ್ಲಿ ಸಿಗುತ್ತದೆ, ಹೊಸದಕ್ಕೆ ಎಷ್ಟು?

ಕಪ್ಪುಕೋಟು_ಕೊಪ್ಪಳ
ಠಾಣೆಯಲ್ಲಿ ಕೊಟ್ಟಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಬರೀ "ಆಯ್ತು ಹೋಗಿ" ಅಂದರೆ ಎದ್ದು ಬರಬೇಡಿ.

ತಂಗಿ_ಕುಷ್ಟಗಿ
ಹಾಸಿಗೆ ಕೊಳ್ಳಬೇಡ ತಮ್ಮಾ. ನಮ್ಮದು ಅಟ್ಟದ ಮೇಲಿದೆ, ಪಂಪ್ ಸಮೇತ, ಒಂದು ಕಡೆ ಪ್ಯಾಚ್ ಹಾಕಿದೆ ಅಷ್ಟೇ. ಭಾನುವಾರ ನಮ್ಮ ಹುಡುಗ ಗಂಗಾವತಿಗೆ ಬರುತ್ತಾನೆ. ಬಸ್ ನಿಲ್ದಾಣದಲ್ಲಿ ಕೊಡುತ್ತಾನೆ, ಯಾರನ್ನಾದರೂ ಕಳಿಸು.

ಮಿರ್ಚಿ_ಮಂಡಾಳು
ನಾನು ಗಂಗಾವತಿಯಲ್ಲೇ ಇರುವುದು. ಇಳಿಸಿಕೊಂಡು ಕಾರಟಗಿವರೆಗೆ ತಲುಪಿಸುತ್ತೇನೆ. ಹೆಲ್ಮೆಟ್ ಹಾಕಿಕೊಂಡೇ ಬರುತ್ತೇನೆ, ಬಿಸಿಲು ಅಣ್ಣ ಬಯ್ಯುವುದು ಬೇಡ.

ಬಳ್ಳಾರಿ_ಬಿಸಿಲು
ಪಟ್ಟಿ ಬಿಗಿದುಕೋ.